ಠಾಣೆ ಬರೆಯದ ಪತ್ರ

2025ರ ಫೆಬ್ರುವರಿ 11, ಮಂಗಳವಾರ, ಬೆಳಿಗ್ಗೆ 10.40. ಯಂಕಂಚಿಯ ಸುವರ್ಣಾ ಸಿಂದಗಿ ಠಾಣೆಯ ಮೆಟ್ಟಿಲೇರಿ ಬಂದವಳೇ ಇನ್‌ಸ್ಪೆಕ್ಟರ್ ರೇವಪ್ಪನ ಮೇಜಿನ ಮೇಲೆ ಎರಡು ಹಾಳೆ ಇಟ್ಟಳು.

"ಸಾಹೇಬ್ರ, ನಾ ಏನ್ ಕದ್ದೇನ್ರಿ? ಯಾವಾಗ ಕೇಸ್ ಹಾಕೀರಿ ನನ್ ಮ್ಯಾಲ?"

ಮೊದಲನೆಯದು ವೀಸಾ ನಿರಾಕರಣೆಯ ಪತ್ರ. ಹೊರದೇಶದ ವೃದ್ಧಾಶ್ರಮವೊಂದಕ್ಕೆ ಆರೈಕೆ ಕೆಲಸಕ್ಕೆಂದು ಆಕೆ ಆಯ್ಕೆಯಾಗಿದ್ದಳು. ಅರ್ಜಿದಾರಳು ಸಿಂದಗಿ ಠಾಣೆಯ ಅಪರಾಧ ಸಂಖ್ಯೆ 87/2024ರಲ್ಲಿ ಕಳವಿನ ಆರೋಪಿ, ಆದ್ದರಿಂದ ವೀಸಾ ಇಲ್ಲ ಎಂದಿತ್ತು. ಎರಡನೆಯದು ಅದಕ್ಕೆ ಆಧಾರವಾದ ಠಾಣೆಯ ಪತ್ರದ ನಕಲು. ಕೆಳಗೆ ಮೊಹರು, ರೇವಪ್ಪನದೇ ಸಹಿ.

ರೇವಪ್ಪ ಅಂಥ ಪತ್ರ ಬರೆದೇ ಇರಲಿಲ್ಲ. ತನ್ನ ಹೆಸರಿನಿಂದ ಒಬ್ಬಳ ಅನ್ನ ಹೋಗಿತ್ತು.

ಕಾನ್‌ಸ್ಟೆಬಲ್ ನಸ್ರೀನ ರಜಿಸ್ಟರ್ ತಿರುವಿದಳು. "ಸರ್, ಎಂಬತ್ತೇಳನೇ ನಂಬರ್ ಬೈಕ್ ಕಳವಿನ ಕೇಸ್ ಐತ್ರಿ. ಆರೋಪಿ ಸಿಕ್ಕಿಲ್ಲ. ಫಿರ್ಯಾದಿ ಶ್ರೀವಲ್ಲಭ ಅಂತ, ರಿಟೈರ್ ಹೆಡ್‌ಮಾಸ್ತರ್."

ಸುವರ್ಣಾ ತಲೆ ಎತ್ತಿದಳು. "ನಾ ಅವರ ಮನ್ಯಾಗ ಕೆಲಸಾ ಮಾಡ್ತೇನ್ರಿ."

"ಎಷ್ಟು ವರ್ಷಾತು?" ರೇವಪ್ಪ ಕೇಳಿದ.

"ಆರು. ಅವರ ಮಗಳು ವೃಂದಾಗ ಅಪಘಾತದಾಗ ಬೆನ್ನೆಲುಬು ಮುರದೈತ್ರಿ. ಹಾಸಿಗಿ ಬಿಟ್ಟು ಏಳಂಗಿಲ್ಲ."

"ನೀವು ಹೊರದೇಶಕ್ಕ ಹೋಗೂದು ಮಾಸ್ತರರಿಗೆ ಗೊತ್ತಿತ್ತೇನು?"

"ಅನುಭವದ ಸರ್ಟಿಫಿಕೇಟ್ ಅವ್ರೇ ಬರದು ಕೊಟ್ಟಾರ್ರಿ. ಚಲೋ ಆತು ಅಂತ ಬಾಯಾಗ ಸಕ್ಕರಿ ಹಾಕಿದ್ರು."

ಮಧ್ಯಾಹ್ನ 12.15ಕ್ಕೆ ನಕಲಿ ದಾಖಲೆ ಸೃಷ್ಟಿಯ ಎಫ್‌ಐಆರ್ ದಾಖಲಾಯಿತು.

ಮರುದಿನ ಬೆಳಿಗ್ಗೆ 8.30ಕ್ಕೆ ರೇವಪ್ಪ, ನಸ್ರೀನ ಇಬ್ಬರು ಪಂಚರೊಂದಿಗೆ ಮಾಸ್ತರರ ಮನೆಗೆ ಹೋದರು. ಸುವರ್ಣಾ ಹಿಂದಿನ ದಿನದಿಂದ ಕೆಲಸಕ್ಕೆ ಬಂದಿರಲಿಲ್ಲ. ಒಳಕೋಣೆಯಿಂದ ಮೂತ್ರದ ವಾಸನೆ ಬರುತ್ತಿತ್ತು.

"ಸುವರ್ಣಕ್ಕ ಬಂದ್ಲೇನು?" ಎಂದು ವೃಂದಾ ಮಲಗಿದಲ್ಲಿಂದಲೇ ಕೂಗಿದಳು.

"ಬೈಕ್ ಕೇಸಿನ್ಯಾಗ ನಿಮಗ ಕೊಟ್ಟ ಎಫ್‌ಐಆರ್ ಪ್ರತಿ ತೋರಸ್ರಿ, ಮಾಸ್ತರ್" ಎಂದ ರೇವಪ್ಪ.

ಮಾಸ್ತರರು ತಂದುಕೊಟ್ಟರು. ರೇವಪ್ಪ ಅದರ ಮೇಲೆ ವೀಸಾ ಕಚೇರಿಗೆ ಹೋದ ಪತ್ರದ ನಕಲನ್ನಿಟ್ಟು ಕಿಟಕಿಯ ಬೆಳಕಿಗೆ ಹಿಡಿದ. ಓರೆಯಾಗಿ ಬಿದ್ದ ಮೊಹರು, ಅದರ ಮೇಲೆ ಹಾಯ್ದ ಸಹಿ, ಎರಡೂ ಕೂದಲೆಳೆಯಷ್ಟೂ ತಪ್ಪದೆ ಕೂಡಿದವು.

"ಎರಡು ಸಲ ಮಾಡಿದ ಸಹಿ ಹಿಂಗ ಕೂಡಂಗಿಲ್ಲ. ನಿಮ್ಮ ಈ ಪ್ರತಿಯಿಂದ ನಕಲು ತಗದು ಆ ಪತ್ರಕ್ಕ ಹಚ್ಚೀರಿ."

ಪತ್ರ ತಯಾರಿಸಿದ ಲ್ಯಾಪ್‌ಟಾಪ್ ಎಲ್ಲಿದೆ ಎಂದು ಮಾಸ್ತರರು ತಾವೇ ಹೇಳಿದರು. ಪತ್ರದ ಕರಡು ಅದರಲ್ಲೇ ಸಿಕ್ಕಿತು. ಪಂಚನಾಮೆ ಮುಗಿಯುವಾಗ 10.50.

"ಆಕಿಗಿಂತ ಮೊದಲ ನಾಲ್ಕು ಮಂದಿ ಬಂದು ಹೋದ್ರು" ಎಂದರು ಮಾಸ್ತರರು. "ಮಗಳ ಬೆನ್ನಿನ ಹುಣ್ಣಿನ್ಯಾಗ ಹುಳಾ ಆಗಿದ್ವು, ಸಾಹೇಬ್ರ. ಸುವರ್ಣಾ ಬಂದ ಮ್ಯಾಲೆ ಒಂದೂ ಹುಣ್ಣಿಲ್ಲ."

"ಹೋಗಬ್ಯಾಡ ಅಂತ ಕೇಳಬೇಕಿತ್ತು."

"ಯಾವ ಬಾಯಿಲೆ ಕೇಳಲಿ? ಆಕಿಗೂ ತನ್ನ ಬದುಕು ಅದ."

ಒಳಗಿನಿಂದ ವೃಂದಾಳ ದನಿ ಬಂತು. "ಅಪ್ಪಾ, ನೀವ ತಡದ್ರೇನು ಆಕಿನ್ನ?"

11.20ಕ್ಕೆ ಮಾಸ್ತರರನ್ನು ಬಂಧಿಸಲಾಯಿತು. ಮುದ್ದೇಬಿಹಾಳದಿಂದ ಅವರ ತಂಗಿ ಜಾನಕಿಬಾಯಿ ಬರುವವರೆಗೆ ನಸ್ರೀನ ಅಲ್ಲೇ ಉಳಿದಳು.

ಠಾಣೆಗೆ ಮರಳಿದ ರೇವಪ್ಪ ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಬರೆದ: ಮಗಳ ಆರೈಕೆ ನಿಂತುಹೋದೀತೆಂಬ ಭಯ.

ಮಾಸ್ತರರ ಬಂಧನದ ಸುದ್ದಿ ತಿಳಿದಿದ್ದ ಸುವರ್ಣಾ ಸಂಜೆ ನಾಲ್ಕಕ್ಕೆ ಹೇಳಿಕೆಗೆ ಸಹಿ ಹಾಕಲು ಬಂದಳು. ಆಕೆಯ ಮೇಲೆ ಯಾವ ಪ್ರಕರಣವೂ ಇಲ್ಲವೆಂದು ಬರೆದ ಪತ್ರವನ್ನು ರೇವಪ್ಪ ಕೊಟ್ಟ.

"ಇದನ್ನಿಟ್ಟು ಮತ್ತ ಅರ್ಜಿ ಹಾಕ್ರಿ."

"ಹಾಕ್ತೇನ್ರಿ. ಆ ಕೆಲಸ ಮಾತ್ರ ಬ್ಯಾರೆಯಾಕಿಗೆ ಹೋತಂತ, ಫೋನ್ ಬಂದಿತ್ತು." ಪತ್ರ ಮಡಿಚುತ್ತ ಕೇಳಿದಳು: "ವೃಂದಾನ ಹತ್ರ ಯಾರದಾರ್ರಿ?"

"ನಮ್ ನಸ್ರೀನ."

"ಎರಡು ತಾಸಿಗೊಮ್ಮೆ ಮಗ್ಗಲಾ ಬದಲಸಾಕ ಹೇಳ್ರಿ. ಎಡಕ್ಕ ಭಾಳೊತ್ತು ಬ್ಯಾಡ, ಆ ಕಡಿ ಚರ್ಮ ತೆಳ್ಳಗೈತಿ."

ಸುವರ್ಣಾ ಹೊರಗೆ ಬಂದು ಮಾಸ್ತರರ ಓಣಿಯ ಕಡೆ ಒಂದು ಗಳಿಗೆ ನೋಡುತ್ತ ನಿಂತಳು. ಆಮೇಲೆ ಯಂಕಂಚಿ ಬಸ್ಸಿಗೆ ನಡೆದಳು.