ಸ್ಟಾಕ್ ಇಲ್ಲ ಮೇಡಂ, ಶನಿವಾರ ಬನ್ನಿ

“ಅವರಿಗೆ ಇದೆ, ನನಗೆ ಮಾತ್ರ ಇಲ್ವಾ?!”

ಟೀಚರ್ ಕೌಂಟರ್ ಬಡಿದ ರಭಸಕ್ಕೆ ಸ್ಕ್ರೂ ಡಬ್ಬಿ ಉರುಳಿತು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡಿಗಾಗಿ ಆಕೆ ನಾಲ್ಕು ತಿಂಗಳಿಂದ ಅಲೆಯುತ್ತಿದ್ದಳು. ಗಂಟಲಿನ ಆಪರೇಷನ್ ಆಗಿ ಅಪ್ಪನ ದನಿ ಹೋಗಿತ್ತು. ಅಪ್ಪ ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದುವ ಯಂತ್ರವನ್ನು ಆಕೆಯೇ ಜೋಡಿಸಿದ್ದಳು. ಅದರ ಬೋರ್ಡ್ ಸುಟ್ಟುಹೋಯಿತು. ಹೊಸದು ಊರಲ್ಲೆಲ್ಲೂ ಇಲ್ಲ! ಅಂಗಡಿಯವನದೂ ಪ್ರತಿ ವಾರ ಒಂದೇ ಪಲ್ಲವಿ... “ಸ್ಟಾಕ್ ಇಲ್ಲ ಮೇಡಂ, ಶನಿವಾರ ಬನ್ನಿ.”

ಅದನ್ನೂ ನಗುನಗುತ್ತಾ ಹೇಳುತ್ತಿದ್ದ, ಪುಣ್ಯಾತ್ಮ! ಆ ನಗುವಿಗಾಗಿ ಆಕೆಯೂ ಶನಿವಾರ ಕಾಯುತ್ತಿದ್ದಳು ಅನ್ನೋದು ಬೇರೆ ಮಾತು.

ಇವತ್ತು ಆಕೆಯ ಕಣ್ಣೆದುರೇ ಒಬ್ಬ ಗಿರಾಕಿಯ ಕೈಗೆ ಅದೇ ಬೋರ್ಡಿನ ಡಬ್ಬಿ ಇಟ್ಟಿದ್ದ.

“ಮೇಡಂ, ಒಂದು ನಿಮಿಷ ಕೇಳಿ...”

“ಕೇಳೋದೇನು? ಬ್ಲ್ಯಾಕಲ್ಲಿ ಮಾರ್ತೀರಿ, ಅಷ್ಟೇ!”

ಅವನ ಮುಖ ಬಾಡಿತು. ಬಗ್ಗಿ, ಚೆಲ್ಲಿದ ಸ್ಕ್ರೂ ಆರಿಸತೊಡಗಿದ.

ಆಕೆ ಸುಮ್ಮನಿರಬೇಕಲ್ಲ! ಹವ್ಯಾಸಿಗಳ ಆನ್‌ಲೈನ್ ಗುಂಪಿನಲ್ಲೂ ಅದನ್ನೇ ಬರೆದಳು. ಅಷ್ಟರಲ್ಲಿ ಎದುರು ಸಾಲಿನಲ್ಲಿ ಇನ್ನೊಂದು ಅಂಗಡಿ ತೆರೆಯಿತು, ಬೇರೆ ಕಂಪನಿಯ ಬೋರ್ಡು ಬಂತು. ಜನ ಅತ್ತ ಹೋದರು. ಆಕೆಯೂ ಕೊಂಡಳು.

ಬೋರ್ಡ್ ಸಿಕ್ಕಿತು, ಅಪ್ಪನ ದನಿ ಸಿಗಲಿಲ್ಲ. ಹಳೇ ಪ್ರೋಗ್ರಾಂ ಹೊಸ ಬೋರ್ಡಿನಲ್ಲಿ ಓಡಲೇ ಇಲ್ಲ. ಗುಂಪಿನಲ್ಲಿ ಅಂಗಲಾಚಿದಳು. ಉತ್ತರ ಕೊಟ್ಟವನು ಒಬ್ಬನೇ, ‘ಆಮೆ’ ಅನ್ನೋ ಹೆಸರಿನವನು. ಮೂರು ವಾರ ಕೂತು ಒಂದೊಂದೇ ಸಾಲು ತಿದ್ದಿ ಕಳಿಸಿದ.

ಭಾನುವಾರ ಬೆಳಗ್ಗೆ ಅಪ್ಪ ಸ್ವಿಚ್ ಒತ್ತಿದರು. ಯಂತ್ರ ಗೊರಗೊರ ಅಂದು, ಮನೆಯೆಲ್ಲ ಕೇಳುವಂತೆ ಹೇಳಿತು...

“ಸ್ಟಾಕ್ ಇಲ್ಲ ಮೇಡಂ, ಶನಿವಾರ ಬನ್ನಿ!”

ಪರೀಕ್ಷೆಗೆಂದು ಹಾಕಿದ ವಾಕ್ಯ. ಅಳಿಸೋದನ್ನು ‘ಆಮೆ’ ಮರೆತಿದ್ದ!

ಅಪ್ಪ ಸದ್ದಿಲ್ಲದೆ ನಕ್ಕರು. ಆಕೆ ಮಾತ್ರ ಹಣೆ ಚಚ್ಚಿಕೊಂಡಳು. ‘ಅಯ್ಯೋ... ಯಾರ ಹೊಟ್ಟೆ ಮೇಲೆ ಹೊಡೆದೆ ನಾನು?’

ಓಡಿದಳು. ಅಂಗಡಿಯ ಶೆಟರ್ ಅರ್ಧ ಇಳಿದಿತ್ತು. ಒಳಗೆ ಅವನು ಖಾಲಿ ರ‍್ಯಾಕ್ ಬಿಚ್ಚುತ್ತಿದ್ದ.

“ಅವತ್ತಿನ ಡಬ್ಬಿ...?”

“ರಿಪೇರಿಗೆ ಬಂದ ಹಳೇ ಬೋರ್ಡು. ಅವರದೇ.”

“ಹೇಳಬಾರದಿತ್ತಾ?”

“ನೀವು ಹೇಳೋಕೆ ಬಿಟ್ರಾ?”

ಆಕೆಯ ಕಣ್ಣು ತುಂಬಿತು. “ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತ ಮಕ್ಕಳಿಗೆ ಕಾಪಿ ಬರೆಸೋಳು ನಾನು! ನನ್ನಿಂದಲೇ ಅಂಗಡಿ ಮುಚ್ಚಿತಲ್ವಾ?”

“ಪೂರ್ತಿ ನಿಮ್ಮಿಂದಲ್ಲ. ಸರಕೇ ಬರ್ತಿರಲಿಲ್ಲ.” ಇನ್ನೊಂದು ಸ್ಕ್ರೂ ಬಿಚ್ಚಿದ. “ಆದ್ರೆ ಗಿರಾಕಿಗಳು ನಂಬಿಕೆ ಬಿಟ್ಟಿದ್ದು ನಿಮ್ಮ ಮಾತಿಗೇ. ಸುಳ್ಳು ಯಾಕೆ ಹೇಳ್ಲಿ?”

“ತಪ್ಪಾಯ್ತು ಅಂತ ಗುಂಪಲ್ಲಿ ಇವತ್ತೇ ಬರೀತೀನಿ. ತಡವಾಯ್ತು, ಗೊತ್ತು... ಇಷ್ಟಾದ್ರೂ ಸಹಾಯ ಯಾಕೆ ಮಾಡಿದ್ರಿ?”

“ಕೋಪ ನಿಮ್ಮ ಮೇಲಿತ್ತು. ನಿಮ್ಮ ಅಪ್ಪ ಏನು ಮಾಡಿದ್ರು ಪಾಪ?”

ಆಕೆ ಕಣ್ಣೊರೆಸಿಕೊಂಡಳು. “ಶನಿವಾರ ಸರಕು ಬರ್ತಿತ್ತಾ?”

“ಬರೋದಿದ್ರೆ ಬುಧವಾರ.”

“ಮತ್ತೆ?!”

“ಶನಿವಾರ ನಿಮಗೆ ಅರ್ಧ ದಿನ ಸ್ಕೂಲು. ಆರಾಮಾಗಿ ಕೂತು ಮಾತಾಡ್ತಿದ್ರಿ...” ಅವನು ತಲೆ ತಗ್ಗಿಸಿದ. “ಬೋರ್ಡ್ ಬಂದಿದ್ರೆ ಅವತ್ತೇ ಮನೆಗೆ ತಂದುಕೊಡ್ತಿದ್ದೆ, ನಿಮ್ಮಾಣೆ. ನೀವಂದ್ರೆ ನನಗೆ ಇಷ್ಟ. ಅದನ್ನೂ ಹೇಳೋಕೆ ಆಗಲಿಲ್ಲ.”

“ನನಗೂ ಇಷ್ಟ ರೀ! ಅದಕ್ಕೇ ಅವತ್ತು ಅಷ್ಟು ಉರಿದಿದ್ದು.”

ಇಬ್ಬರೂ ಖಾಲಿ ರ‍್ಯಾಕ್ ನೋಡುತ್ತಾ ನಿಂತರು. ನಾಲ್ಕು ತಿಂಗಳ ಶನಿವಾರಗಳು ಸುಮ್ಮನೆ ಕಳೆದುಹೋಗಿದ್ದವು.

“ಈ ಶನಿವಾರ?” ಆಕೆ ಮೆಲ್ಲಗೆ ಕೇಳಿದಳು.

“ಅಂಗಡಿ ಇರಲ್ಲ ಮೇಡಂ.”

“ಮನೆಗೆ ಬನ್ನಿ. ಸ್ವಿಚ್ ಒತ್ತಿದಾಗಲೆಲ್ಲ ನಮ್ಮಪ್ಪನ ಯಂತ್ರ ‘ಸ್ಟಾಕ್ ಇಲ್ಲ ಮೇಡಂ’ ಅನ್ನುತ್ತೆ.”

“ಅಯ್ಯೋ, ಬಂದು ಅಳಿಸಿಬಿಡ್ತೀನಿ!”

“ಅಳಿಸಿದ್ರೆ ನೋಡಿ ಮತ್ತೆ!”