ಪಿಕಲ್‌ನ ಗಾಡಿಯ ಹಿಂದೆ ಬಂದವನು

"ಐದು ವಾರದಿಂದ ನನ್ನ ಬೆನ್ನ ಹಿಂದೆ ಬಿಟ್ಟಿ ಬರ್ತಿದೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಗ್ಲೆನೆಲ್ಗ್‌ನ ಕೆಫೆ ಮುಂದೆ ಸೈಕಲ್ ನಿಲ್ಲಿಸಿದವಳೇ ಮೆರಿನ್ ತಿರುಗಿ ಕೇಳಿಬಿಟ್ಟಳು. ಹೆಲ್ಮೆಟ್ ಬಿಚ್ಚುವಷ್ಟೂ ತಾಳ್ಮೆ ಉಳಿದಿರಲಿಲ್ಲ. ಕಾಫಿಗೆ ಸಾಲು ನಿಂತಿದ್ದ ಗುಂಪಿನ ಹತ್ತು ಜನ ಒಟ್ಟಿಗೆ ತಿರುಗಿ ನೋಡಿದರು.

ಮಾತು ಕೇಳಿಸಿಕೊಂಡವನು ಸ್ಟಾವ್ರೋಸ್. ಎಲ್ಲರ ಬಾಯಲ್ಲಿ ಸ್ಟಾವ್. ಮನೆಗಳಿಗೆ ಟೈಲ್ಸ್ ಹಾಕುವವನು. ಆರಡಿ ಆಳಾದರೂ ನಾಲ್ಕು ಜನರೆದುರು ಮಾತಾಡಬೇಕೆಂದರೆ ಅವನ ಕಿವಿ ಕೆಂಪಾಗುತ್ತಿತ್ತು.

"ನಿಮ್ಮ ಹಿಂದೆ ಗಾಳಿ ಹೊಡೆಯಲ್ಲ... ಹಾಯಾಗಿರುತ್ತೆ," ಎಂದ, ನಗಲು ನೋಡುತ್ತ.

ತಮಾಷೆ! ಅದೂ ಅವಳ ಹತ್ತಿರ.

"ಹಾಗಾದ್ರೆ ಇನ್ನು ಮುಂದೆ ಬೇರೆಯವರ ಬೆನ್ನು ಹುಡುಕಿಕೊಳ್ಳಿ," ಎಂದು ಮೆರಿನ್ ಮುಖ ತಿರುಗಿಸಿದಳು.

ಅವಳ ಸಿಟ್ಟು ಸುಮ್ಮಸುಮ್ಮನೆ ಬಂದದ್ದಲ್ಲ. ಶನಿವಾರ ಬೆಳಿಗ್ಗೆ ಸೆಮಾಫೋರ್ ಕಡಲತೀರದ ಜೆಟ್ಟಿಯಿಂದ ಗ್ಲೆನೆಲ್ಗ್‌ಗೆ ಹೊರಡುವ ಈ ಸೈಕಲ್ ಗುಂಪಿನಲ್ಲಿ ಎದುರುಗಾಳಿ ಹಂಚಿಕೊಳ್ಳುವುದೇ ಧರ್ಮ. ಮುಂದಿನವನ ಬೆನ್ನು ಗಾಳಿ ತಡೆದರೆ ಹಿಂದಿನವರಿಗೆ ತುಳಿಯುವುದು ಸುಲಭ; ಅದಕ್ಕೇ ಸ್ವಲ್ಪ ಹೊತ್ತು ಒಬ್ಬ ಮುಂದೆ, ಆಮೇಲೆ ಇನ್ನೊಬ್ಬ. ಸರದಿ ತಪ್ಪಿಸಿ ಹಿಂದೆ ಅಡಗುವವನಿಗೆ ಮೂರು ಕಾಸಿನ ಮರ್ಯಾದೆ ಇಲ್ಲ.

ಮೆರಿನ್ ಮಾತ್ರ ಸದಾ ಕೊನೆಯಲ್ಲಿ. ಅವಳ ಸೈಕಲ್ ಹಿಂದೆ ಎರಡು ಚಕ್ರದ ಗಾಡಿಯಿತ್ತು. ಗಾಡಿಯ ಹಿಂದೆ ಬರುವವರಿಗೆ ರಸ್ತೆಯ ಗುಂಡಿ ಕಾಣುವುದಿಲ್ಲ, ಆದ್ದರಿಂದ ಗಾಡಿಯೇ ಕೊನೆ ಎಂದು ಗುಂಪಿನ ಹಿರಿಯಳಾದ ಬೆವ್ ನಿಯಮ ಮಾಡಿದ್ದಳು.

ಗಾಡಿಯೊಳಗೆ ಹದಿನಾಲ್ಕು ವರ್ಷದ ನಾಯಿ, ಪಿಕಲ್. ಒಂದು ಕಾಲದಲ್ಲಿ ಅವಳ ಸೈಕಲ್ ಪಕ್ಕದಲ್ಲೇ ಮರಳ ಮೇಲೆ ಓಡುತ್ತಿದ್ದವನು. ಕಳೆದ ಚಳಿಗಾಲದಲ್ಲಿ ಅವನ ಹಿಂಗಾಲು ಸೋತವು. ಯಾರೋ ಮಕ್ಕಳಿಗೆಂದು ಬಳಸಿ ಬಿಟ್ಟ ಗಾಡಿ ತಂದು, ಸೀಟು ಕಿತ್ತು, ಕಂಬಳಿ ಹಾಸಿದಳು. ಮೊದಲಿನ ಗುಂಪಿನವರು, "ಈ ಗಾಡಿ ಅಪಾಯ, ತರಬೇಡಿ," ಎಂದಾಗ ಅವರನ್ನೇ ಬಿಟ್ಟುಬಂದಿದ್ದಳು.

'ಅವನಿಲ್ಲದೆ ನನಗ್ಯಾವ ಸವಾರಿ?'

ಮುಂದಿನ ಶನಿವಾರ ಸ್ಟಾವ್ ಎಲ್ಲರಿಗಿಂತ ಮುಂದಿದ್ದ. ತಿರುಗಿಯೂ ನೋಡಲಿಲ್ಲ.

ಒಳ್ಳೆಯದೇ ಆಯಿತು ಎಂದುಕೊಂಡಳು. ಆದರೆ ಹ್ಯಾಂಡಲ್‌ನ ಬಲತುದಿಯ ಪುಟ್ಟ ಕನ್ನಡಿಯತ್ತ ಕಣ್ಣು ಹೋದಾಗಲೆಲ್ಲ ಅಲ್ಲಿ ಬರೀ ರಸ್ತೆ. ಐದು ವಾರ ಅಲ್ಲೊಂದು ಹಳದಿ ಹೆಲ್ಮೆಟ್ ಇರುತ್ತಿತ್ತು. ಗಾಡಿಯ ಹಿಂದಿನ ಜಾಲರಿಗೆ ಮೂಗು ಒತ್ತಿಕೊಂಡು ಅವನನ್ನೇ ನೋಡುತ್ತಿದ್ದ ಪಿಕಲ್ ಈಗ ಬೆನ್ನು ಹಾಕಿ ಮಲಗಿದ್ದ.

"ನೀನೂ ಅವನ ಕಡೆನಾ?" ಎಂದು ಬೈದಳು.

ಅದರ ಮುಂದಿನ ಶನಿವಾರ ಒಂದು ಬಿಳಿ ಪಿಕಪ್ ಟ್ರಕ್ಕು ಪಿಕಲ್‌ನ ಗಾಡಿಗೆ ತಾಗಿತೋ ಇಲ್ಲವೋ ಎಂಬಷ್ಟು ಹತ್ತಿರದಿಂದ ಭರ್ರನೆ ಹೋಯಿತು. ಗಾಡಿ ಅಲುಗಾಡಿತು, ಕಾರಿನವರಿಗೆ ಕಾಣಲೆಂದು ಅದಕ್ಕೆ ಸಿಕ್ಕಿಸಿದ್ದ ಕೋಲಿನ ಬಾವುಟ ಮುರಿದು ಬಿತ್ತು. ಮೆರಿನ್ ಇಳಿದು ಗಾಡಿಯ ಮುಚ್ಚಳ ತೆಗೆದಳು. ಪಿಕಲ್ ಆಕಳಿಸಿದ. ಅವನಿಗೇನೂ ಆಗಿರಲಿಲ್ಲ. ಆದರೂ ಅವಳು ಅವನ ಮೈಯೆಲ್ಲ ಮತ್ತೊಮ್ಮೆ ತಡವಿ ನೋಡಿದಳು.

ಬೆವ್ ವಾಪಸು ಬಂದು ಪಕ್ಕದಲ್ಲಿ ನಿಂತಳು.

"ಇಷ್ಟು ದಿನ ಒಂದು ಕಾರೂ ಹೀಗೆ ಬಂದಿರಲಿಲ್ಲ ಬೆವ್..."

"ಹೌದಾ? ಯಾಕಿರಬಹುದು?" ಎಂದಳು ಬೆವ್, ಏನೂ ಗೊತ್ತಿಲ್ಲದವಳಂತೆ.

ಮೆರಿನ್ ಕನ್ನಡಿ ನೋಡಿದಳು. ತನ್ನ ನೇರ ಹಿಂದೆ, ಗಾಡಿಯ ಮರೆಯಲ್ಲಿ ಬರುವವನು ಈ ಕನ್ನಡಿಗೆ ಸಿಗುವುದೇ ಇಲ್ಲ. ಹಾಗಿದ್ದರೆ ಹಳದಿ ಹೆಲ್ಮೆಟ್ ಐದು ವಾರ ಕಂಡದ್ದು ಹೇಗೆ? ಅವನು ಬಲಕ್ಕೆ, ಕಾರುಗಳ ಕಡೆಗೆ ಸರಿದು ಬರುತ್ತಿದ್ದ. ಸಮುದ್ರವೂ ಆ ಕಡೆಗೇ, ಗಾಳಿಯೂ ಆ ಕಡೆಯಿಂದಲೇ. ಅವನಿಗೆ ಒಂದು ಚೂರೂ ಮರೆ ಸಿಕ್ಕಿರಲಿಲ್ಲ. ಇಷ್ಟು ವರ್ಷ ಸೈಕಲ್ ತುಳಿದ ತನಗೆ ಇದು ಹೊಳೆಯಲಿಲ್ಲವಲ್ಲ...

"ಗಾಡಿ ಕುಳ್ಳು, ಡ್ರೈವರ್‌ಗಳ ಕಣ್ಣಿಗೆ ಕಾಣಲ್ಲ ಕಣೇ. ಸ್ಟಾವ್ ಕಾಣ್ತಾನೆ," ಎಂದಳು ಬೆವ್.

"ಹಾಗಂತ ಹೇಳಬಾರದಿತ್ತಾ?"

"ಅಪಾಯ ಅಂದವರನ್ನ ನೀನು ಬಿಟ್ಟು ಬಂದಿದ್ದು ಅವನಿಗೆ ಗೊತ್ತು. ನನಗೂ ಬಾಯಿ ಬಿಡಬೇಡ ಅಂದಿದ್ದ. ನೀನು ಇಲ್ಲಿಂದಲೂ ಹೋಗಿಬಿಟ್ರೆ ಅಂತ ಅವನ ಭಯ."

ಮೆರಿನ್‌ಗೆ ಅಳು ಬಂತು. ಎಲ್ಲರೆದುರು ಅಂದಿದ್ದಳು. ಅವನು ಎಲ್ಲರೆದುರು ನುಂಗಿಕೊಂಡಿದ್ದ.

ಆ ವಾರ ಕಳೆಯುವಷ್ಟರಲ್ಲಿ ಸಾಕುಸಾಕಾಯಿತು. ಶನಿವಾರ ಎಲ್ಲರಿಗಿಂತ ಮೊದಲೇ ಜೆಟ್ಟಿಗೆ ಬಂದು, ಪಿಕಲ್ ಜೊತೆ ಬೆಂಚಿನ ಮೇಲೆ ಕೂತಳು. ಜನರೆಲ್ಲ ಸೇರಿದ ಮೇಲೆ ಸ್ಟಾವ್ ಬಂದ. ಬೆಂಚಿನ ಕಡೆ ನೋಡಿ, ಬೇರೆ ಕಡೆ ಸೈಕಲ್ ತಿರುಗಿಸಿದ.

"ಸ್ಟಾವ್, ನಿಲ್ಲಿ."

ಸುತ್ತಲಿನವರು ಮತ್ತೆ ತಿರುಗಿ ನೋಡಿದರು. ಆಗಲಿ, ಕೇಳಲಿ ಎಂದುಕೊಂಡಳು.

"ಬಿಟ್ಟಿ ಬಂದಿದ್ದು ನೀವಲ್ಲ, ನಾನು. ಐದು ವಾರ ಗಾಳಿಗೆ ಮೈಯೊಡ್ಡಿ ನಮ್ಮ ಬೆನ್ನು ಕಾದವರು ನೀವು. ನನ್ನದು ತಪ್ಪಾಯ್ತು."

ಸ್ಟಾವ್ ಕಿವಿ ಕೆಂಪಗಾಯಿತು. "ಆ ತಮಾಷೆ ಚೆನ್ನಾಗಿರಲಿಲ್ಲ ಬಿಡಿ."

"ಪಿಕಲ್ ಎರಡು ವಾರದಿಂದ ನನ್ನ ಜೊತೆ ಮಾತಾಡ್ತಿಲ್ಲ."

"ನನ್ನ ಜೊತೆ ನನ್ನ ಅಮ್ಮನೂ ಮಾತಾಡ್ತಿಲ್ಲ. ಪಿಕಲ್‌ಗೆ ಅಂತ ಅವರು ಮಾಡಿಕೊಟ್ಟ ಬಿಸ್ಕತ್ತು ಹಾಗೇ ವಾಪಸ್ ತಂದೆ ಅಂತ."

ಅವಳು ನಕ್ಕಳು. ಕಣ್ಣು ಒದ್ದೆಯಾಗಿತ್ತು. "ಇವತ್ತು ಹಿಂದೆ ಬರೋ ಸರದಿ ನನ್ನದು. ನೀವು ಪಿಕಲ್‌ನ ಎಳೀರಿ... ಅಯ್ಯೋ, ನಿಮ್ಮ ಸೈಕಲ್‌ಗೆ ಕೊಂಡಿ ಇಲ್ಲ ಅಲ್ವಾ?"

ಬಗ್ಗಿ ನೋಡಿದವಳು ಹಾಗೇ ನಿಂತಳು. ಅವನ ಹಿಂದಿನ ಚಕ್ರದ ಪಕ್ಕ ಗಾಡಿ ಸಿಕ್ಕಿಸುವ ಕೊಂಡಿ ಇತ್ತು, ತನ್ನದರಂಥದ್ದೇ. ಅದರ ಮೇಲೆ ಆಗಲೇ ಧೂಳು ಕೂತಿತ್ತು.

"ಇದನ್ನ ಯಾವಾಗ ಹಾಕಿಸಿದ್ರಿ?"

"ಎರಡನೇ ಶನಿವಾರನೇ."

"ಯಾಕೆ?"

"ನಿಮಗೆ ಸುಸ್ತಾದ ದಿನ ಬೇಕಾಗಬಹುದು ಅಂತ..." ಸ್ಟಾವ್ ತಲೆ ತಗ್ಗಿಸಿದ. "ಇಲ್ಲ, ಸುಳ್ಳು. ನಿನ್ನ ಜೊತೆ ತುಂಬ ವರ್ಷ ಹೀಗೇ ಬರಬೇಕು ಅನಿಸ್ತು. ಆವತ್ತೇ ಹಾಕಿಸಿಬಿಟ್ಟೆ. ನೀನಂದ್ರೆ ನನಗೆ ಇಷ್ಟ ಮೆರಿನ್."

ಮೆರಿನ್ ತನ್ನ ಸೈಕಲ್‌ನಿಂದ ಗಾಡಿ ಬಿಚ್ಚಿ, ಅವನ ಕೊಂಡಿಗೆ ಸಿಕ್ಕಿಸಿ, ಪಟ್ಟಿಯನ್ನು ಎರಡು ಸಲ ಎಳೆದು ನೋಡಿದಳು. ಪಿಕಲ್‌ನನ್ನು ಬೇರೆಯವರ ಕೈಗೆ ಅವಳು ಕೊಟ್ಟದ್ದು ಅದೇ ಮೊದಲು.

ಸಾಲು ಹೊರಟಿತು. ಕೊನೆಯಲ್ಲಿ ಗಾಡಿ, ಅದರ ಹಿಂದೆ ಬಲಕ್ಕೆ ಸರಿದು ಮೆರಿನ್. ಜಾಲರಿಯೊಳಗಿಂದ ಪಿಕಲ್ ಅವಳನ್ನೇ ನೋಡುತ್ತಿದ್ದ.

"ಹಿಂದೆ ಹೇಗಿದೆ?" ಎಂದು ಸ್ಟಾವ್ ಕೂಗಿ ಕೇಳಿದ.

"ಗಾಳಿ ಮುಖಕ್ಕೇ ಹೊಡೀತಿದೆ ಕಣೋ," ಎಂದಳು. "ಹಾಯಾಗಿದೆ."