ಹೆಸರು ಕರೆದ ಮೆಷಿನ್ನು

"ಬೇಡ ಅಳಿಯಂದ್ರೇ, ಸ್ವಂತ ಹೆಸರು ಕೊಡ್ಬೇಡಿ," ಎಂದರು ಅತ್ತೆ.

ದಂತವೈದ್ಯ ನಕ್ಕ. ಅವನಿಗೆ ತನ್ನ ಹೆಸರೆಂದರೆ ಪ್ರಾಣ. ಕ್ಲಿನಿಕ್ಕಿನ ಬೋರ್ಡು, ಕಾರಿನ ಗಾಜು, ರೋಗಿಗಳು ಬಾಯಿ ಮುಕ್ಕಳಿಸುವ ಲೋಟ, ಎಲ್ಲದರ ಮೇಲೂ ಅದೇ. ಈಗ ಕ್ರಿಪ್ಟೊ ಹಣವಿಡುವ ವ್ಯಾಲೆಟ್ಟಿನ ವಿಳಾಸಕ್ಕೂ ಅದೇ ಬೇಕಂತೆ! ಆ ವಿಳಾಸವೋ, ತಲೆಬುಡವಿಲ್ಲದ ಅಕ್ಷರಗಳ ಸಾಲು. ಅದರ ಆರಂಭದಲ್ಲಿ ಅವನ ಹೆಸರು ಬಂದು ಕೂರುವವರೆಗೆ ಕಂಪ್ಯೂಟರು ಹೊಸ ಹೊಸ ಕೀಲಿ ಹುಟ್ಟಿಸಿ, ಅದರಿಂದ ಬರುವ ವಿಳಾಸವನ್ನು ಹೆಸರಿನೊಂದಿಗೆ ಹೋಲಿಸಿ, ಬಿಸಾಡುತ್ತಲೇ ಇರಬೇಕು.

"ನಮ್ಮಮ್ಮ ಮಾಟ ಮಾಡ್ತಿದ್ದದ್ದೂ ಹೀಗೇ. ಒಂದೇ ಹೆಸರು ಸಾವಿರ ಸಲ ಕರೀತಿದ್ಲು. ಆಮೇಲೆ ಹೆಸರು ಆ ಮನುಷ್ಯನ್ನ ಬಿಟ್ಟು ಬಂದ್ಬಿಡ್ತಿತ್ತು."

"ಬರೀ ಸಾವಿರಾನಾ? ನನ್ನ ಮೆಷಿನ್ನು ಕಣ್ಣು ಮಿಟುಕಿಸೋದ್ರಲ್ಲಿ ಕೋಟಿ ಸಲ ಕರಿಯುತ್ತೆ, ಅತ್ತೆ. ಪಾಪ, ನಿಮ್ಮಮ್ಮ ಸುಮ್ನೆ ಗಂಟಲು ನೋಯಿಸ್ಕೊಂಡ್ರು!"

ಅತ್ತೆ ಮುಖ ತಿರುಗಿಸಿದರು. ಅವನು ಗುಂಡಿ ಒತ್ತಿದ.

ಮೂರು ದಿನ ಮನೆಯ ಕಂಪ್ಯೂಟರ್ ಕೋಣೆ ಕುದಿಯಿತು. ಕಿಟಕಿಗೆ ಕಪ್ಪು ಪರದೆ, ಒಳಗೆ ಸುಟ್ಟ ಕೂದಲಿನ ವಾಸನೆ. ಫ್ಯಾನುಗಳ ಮೊರೆತಕ್ಕೆ ಕಿವಿಗೊಟ್ಟರೆ ಯಾರೋ ಹಲ್ಲು ಕಚ್ಚಿಕೊಂಡು ಅವನನ್ನೇ ಕರೆದಂತಿತ್ತು. ಏಳು ವರ್ಷದ ಮಗಳು ಇಣುಕಿದರೆ "ಹೋಗೇ ಆಚೆ" ಎಂದು ಗದರುತ್ತಿದ್ದ. ಎರಡನೆಯ ದಿನ ಕ್ಲಿನಿಕ್ಕಿನ ನರ್ಸು ಅವನ ಹೆಸರು ಹೇಳಲು ಹೋಗಿ ತಡವರಿಸಿದಳು. ಮೂರನೆಯ ದಿನ ಅವನನ್ನು ರೋಗಿಗಳ ಸಾಲಿನಲ್ಲಿ ಕೂರಿಸಿದಳು. ದಡ್ಡ ಶಿಖಾಮಣಿ ಎಂದು ಅವಳನ್ನು ಬೈದು, ಮಧ್ಯಾಹ್ನವೇ ಮನೆಗೆ ಬಂದ.

ಹೆಂಡತಿ ಅರ್ಧ ಬಾಗಿಲು ತೆರೆದಳು. "ಯಾರು ಬೇಕಿತ್ತು?"

"ಏನೇ ತಮಾಷೆ ಇದು? ನಾನು ಕಣೇ!"

"ನಾನು ಅಂದ್ರೆ?"

ಹೆಸರು ಹೇಳಲು ಬಾಯಿ ತೆರೆದ. ನಾಲಿಗೆ ಇತ್ತು. ಉಸಿರಿತ್ತು. ಹೆಸರಿರಲಿಲ್ಲ. ಕೋಣೆಯತ್ತ ಕಿವಿಗೊಟ್ಟ. ಫ್ಯಾನುಗಳು ನಿಂತಿದ್ದವು. ಹುಡುಕಾಟ ಮುಗಿದಿತ್ತು.

ಮಗಳು ಕೋಣೆಯತ್ತ ಓಡಿದಳು. "ಅಪ್ಪಾ, ಯಾರೋ ಬಂದಿದ್ದಾರೆ!"

"ಬಂದೆ, ಪುಟ್ಟೀ."

ಕೋಣೆಯೊಳಗಿಂದ ಬಂದದ್ದು ಅವನದೇ ಧ್ವನಿ. ಆದರೆ ಅವನು ಯಾವತ್ತೂ ಅವಳಿಗೆ ಹಾಗೆ ಓಗೊಟ್ಟಿರಲಿಲ್ಲ. ಹೆಂಡತಿ ಭಯದಿಂದ ಒಳಕ್ಕೆ ಸರಿದಳು. ಅತ್ತೆ ಮುಂದೆ ಬಂದರು. ಅವರಿಗೆ ಗುರುತು ಸಿಕ್ಕಿತ್ತು, ಕಣ್ಣೇ ಹೇಳುತ್ತಿತ್ತು.

"ಅತ್ತೆ, ನೀವಾದ್ರೂ ನಾನ್ಯಾರಂತ ಹೇಳಿ! ಕಾಲಿಗೆ ಬೀಳ್ತೀನಿ!"

ಅತ್ತೆ ಒಮ್ಮೆ ಕೋಣೆಯತ್ತ ತಿರುಗಿದರು. ಒಳಗೆ ಮಗು ನಗುತ್ತಿತ್ತು.

"ಒಳಗಿರೋನು ಮಗೂನ ಮಾತಾಡಿಸ್ತಾನೆ," ಎಂದು ಬಾಗಿಲು ಹಾಕಿಕೊಂಡರು.